ಮ್ಯಾಕ್ರೇ ಸಾಹೇಬನ ಒಲೆ

"ಇವತ್ತು ಹೊರಬೀಡು ಅಕ್ಕಾರ. ಹೊತ್ತು ಮುಣುಗೋತನಕ ಊರಾಗ ಒಂದು ನರಪಿಳ್ಳಿನೂ ಇರಂಗಿಲ್ಲ. ಬರ್ರಿ ನಮ್ ಜೋಡಿ," ಎಂದಳು ಉಚ್ಚಂಗೆಮ್ಮ. ತಲೆಯ ಮೇಲೆ ರೊಟ್ಟಿ ಗಂಟು, ಕಂಕುಳಲ್ಲಿ ಕೋಳಿ. "ಇರ್ತೀನಂದ್ರೂ ಒಲಿ ಮಾತ್ರ ಹಚ್ಚಬ್ಯಾಡ್ರಿ. ಖಾಲಿ ಊರಾಗ ಒಲಿ ಹಚ್ಚಿದವ್ರಿಗೆ ಊರೇ ಗಂಟು ಬೀಳತೈತಿ."

"ಬೀಳಲಿ ಬಿಡಿ ಅಜ್ಜಿ, ಬಾಡಿಗೆ ಮನೆಯ ಕಾಟ ತಪ್ಪುತ್ತೆ," ಎಂದು ಶೈಲಜಾ ನಕ್ಕಳು. ಮುದುಕಿ ನಗಲಿಲ್ಲ.

ಮೈಸೂರಿನ ಶೈಲಜಾ ನಾಲ್ಕು ವರ್ಷದಿಂದ ಡಂಕನ್ ಮ್ಯಾಕ್ರೇ ಎಂಬ ಸ್ಕಾಟ್ಲೆಂಡಿನ ಸಿಪಾಯಿಯ ಜೀವನಚರಿತ್ರೆ ಬರೆಯುತ್ತಿದ್ದಳು. ಕುಂಪಣಿ ಪಲ್ಟನ್ನಿನಲ್ಲಿ ಕಾದಾಡಿ, ಕತ್ತಿ ಕೆಳಗಿಟ್ಟು, ಸಂಡೂರು ಗುಡ್ಡದ ಬುಡದಲ್ಲಿ ಈ ಪೇಟೆ ಕಟ್ಟಿದವನು ಅವನು. ಕಟ್ಟಿದ್ದು ಅಂದರೆ, ಸುತ್ತಲ ಹಳ್ಳಿಗಳ ಜನರನ್ನು ಎಳೆತಂದು ಕೂರಿಸಿದ್ದು. ಹಾಗೆ ಬಂದಲ್ಲಿ ಜ್ವರಕ್ಕೆ ಮಗನನ್ನು ಕಳೆದುಕೊಂಡ ತಾಯಿಯೊಬ್ಬಳು ಸಾಹೇಬನ ಒಲೆಯ ಬುಡದಲ್ಲಿ ಮಾಟ ಹೂತಳಂತೆ: ನೀ ಕಟ್ಟಿದ ಊರು ನಿನ್ನ ಬಿಡದಿರಲಿ. ಅವನು ಮೂವತ್ತೊಂದು ವರ್ಷ, ಈ ವರ್ಷ ಬರುತ್ತೇನೆ ಎಂದು ತನ್ನ ಅಕ್ಕನಿಗೆ ಕಾಗದ ಬರೆದ. ಹೋಗಲೇ ಇಲ್ಲ. ತನ್ನ ಟಿಪ್ಪಣಿಯಲ್ಲಿ ಶೈಲಜಾ ಅದರ ಪಕ್ಕ 'ಸೋಮಾರಿ' ಎಂದು ಗೀಚಿದ್ದಳು.

ಅವಳಿಗೂ ಸಾಕುಸಾಕಾಗಿತ್ತು. ಸಾಹೇಬನ ಗೋರಿಯ ಬರಹ ನಕಲು ಮಾಡಿದರೆ ಪುಸ್ತಕ ಮುಗಿಯುತ್ತದೆ. ನಾಲ್ಕರ ಬಸ್ಸಿಗೆ ಹೊಸಪೇಟೆ, ಅಲ್ಲಿಂದ ಕಂಪ್ಲಿ. ಕಂಪ್ಲಿಯ ತಂಗಿಯ ಮನೆಯಲ್ಲಿ ಹತ್ತು ವರ್ಷದ ಮಗಳು ಪೂಜಿತಾ ಕಾಯುತ್ತಿದ್ದಳು. ಹೇಳಿದ ದಿನಕ್ಕೆ ಬಾರದ ತಾಯಿ ಎಂಬ ದೂರು ಅವಳದು. ಇವತ್ತು ತಪ್ಪಬಾರದು.

ಮಧ್ಯಾಹ್ನ ತಲೆ ಸಿಡಿಯತೊಡಗಿತು. ಬಾಗಿಲು ತೆರೆದ ಮನೆಗಳು, ನಾಯಿಯೂ ಇಲ್ಲದ ಓಣಿ. ಒಂದು ಲೋಟ ಚಹಾ ಸಿಕ್ಕಿದ್ದರೆ! ಸಾಹೇಬನ ಹಾಳು ಬಂಗಲೆಯ ಅಡುಗೆಮನೆಯಲ್ಲಿ ಮಣ್ಣಿನ ಒಲೆ ಇತ್ತು. ಪುರಳೆ ಆಯ್ದು ತಂದು ಕಡ್ಡಿ ಗೀರಿದಳು.

ಹೊಗೆಯಲ್ಲಿ ಕೂದಲು ಸುಟ್ಟ ವಾಸನೆ. ಆಮೇಲೆ ಹಳೆಯ ಚರ್ಮದ ಕಮಟು. ಪಡಸಾಲೆಯಲ್ಲಿ ಬೂಟಿನ ಸದ್ದು. ನಿಧಾನ. ಕಾಲೆಳೆದುಕೊಂಡು. ಹೊಸ್ತಿಲಲ್ಲಿ ನಿಂತಿತು. ಕಿವಿಯ ಹಿಂದೆಯೇ ಯಾರೋ ಉಸ್ಸೆಂದರು. ಬಹಳ ದಣಿದವರ ಉಸಿರು. ಮತ್ತೆ ಬೂಟಿನ ಸದ್ದು. ದೂರವಾಯಿತು. ಊರ ಹೊರಗೆ ಹೋಯಿತು.

ಶೈಲಜಾ ಚೀಲ ಎತ್ತಿಕೊಂಡು ಓಡಿದಳು. ಊರ ಗಡಿಯ ಕಲ್ಲು ಬಂತು. ದಾಟಿದಳು. ಎದುರಿಗೆ ಒಲೆ. ಮತ್ತೆ ಓಡಿದಳು. ಕಲ್ಲು. ಒಲೆ. ತೆವಳಿದಳು. ಕಣ್ಣು ಮುಚ್ಚಿದಳು. ಒಲೆ. ದೂರದಲ್ಲಿ ಬಸ್ಸಿನ ಹಾರನ್ ಕೇಳಿಸಿ ನಿಂತುಹೋಯಿತು.

ಸಂಜೆ ಮರಳಿದ ಉಚ್ಚಂಗೆಮ್ಮ ಕಲ್ಲಿನ ಆಚೆಯೇ ನಿಂತಳು. ಬಂಗಲೆಯ ಹೊಗೆ, ಕಲ್ಲಿನ ಈಚೆ ಕೂತ ಶೈಲಜಾಳ ಮುಖ ಕಂಡೇ ಅವಳಿಗೆ ತಿಳಿಯಿತು. "ಬರೋ ವರ್ಷದ ಹೊರಬೀಡಿನಾಗ ಇನ್ನೊಬ್ರು ಒಲಿ ಹಚ್ಚೋ ತನಕ ನೀವೇ ಈ ಊರಿನ ಒಡತಿ, ತಾಯಿ," ಎಂದು ಕೈಮುಗಿದಳು.

ಭಾನುವಾರ ಚಿಕ್ಕಮ್ಮನ ಕೈಹಿಡಿದು ಪೂಜಿತಾ ಬಂದಳು. ಯಾರು ಹೇಳಿದ್ದರೋ, ಎಲ್ಲ ತಿಳಿದುಕೊಂಡೇ ಬಂದಿದ್ದಳು. ಕಲ್ಲಿನ ಆಚೆ ನಿಂತು, "ಅಮ್ಮಾ, ಮುಂದಿನ ವರ್ಷ ನಾನೇ ಬಂದು ಒಲೆ ಹಚ್ತೀನಿ. ನೀನು ಮನೆಗೆ ಹೋಗು," ಎಂದಳು.

ಆ ಮಾತು ಕೇಳಿ ಶೈಲಜಾಳ ಒಳಗೆ ಏನೋ ಆಸೆಪಟ್ಟಿತು. ಒಂದು ಗಳಿಗೆ, ಅಷ್ಟೇ. ತನಗೆ ತಾನೇ ಹೇಸಿ ಮಣ್ಣಿನ ಹೆಂಟೆ ಎತ್ತಿಕೊಂಡಳು.

"ಹೋಗೇ! ಇನ್ನೊಂದು ಸಲ ಈ ಕಡೆ ಕಾಲಿಟ್ಟರೆ ನಾನು ನಿನ್ನ ತಾಯಿಯೇ ಅಲ್ಲ!"

ಹೆಂಟೆ ಮಗಳ ಹೆಗಲಿಗೆ ಬಿತ್ತು. ಪೂಜಿತಾ ಅಳುತ್ತಾ ಹೋದಳು, ತಿರುಗಿ ನೋಡಲಿಲ್ಲ.