ಟೆಸ್ಟ್ ಕೆಂಪಾದ ಸಂಜೆ

"ನನ್ನ ಸೆಟಪ್ ಸರಿಯಾಗೈತೆ. ನೀವೇ ಟೆಸ್ಟ್ ಓಡಿಸ್ದೆ ಬರೆದಿದ್ದೀರ."

ದೇವರಾಜು ಎಲ್ಲರೆದುರು ಹಾಗೆಂದಾಗ ಅನುಷಾಳ ಮುಖ ಬಿಳಿಚಿಕೊಂಡಿತು. ಹೋದ ವಾರ ಮದುವೆಯಾಗ್ತೀರಾ ಎಂದು ಕೇಳಿ, ಉತ್ತರಕ್ಕೆ ಕಾಯುತ್ತಿದ್ದವನು ಇವನೇನಾ...?

ಮಧುಗಿರಿಯ ಆ ಪುಟ್ಟ ಆಫೀಸಿನಲ್ಲಿ ಹಳ್ಳಿಗಳ ಹಾಲಿನ ಡೈರಿಗಳಿಗೆ ಸಾಫ್ಟ್‌ವೇರ್ ತಯಾರಾಗುತ್ತದೆ. ಅದು ಸರಿಯಾಗಿ ನಡೆಯುತ್ತದೆಯೇ ಎಂದು ಪರೀಕ್ಷಿಸುವ ಟೆಸ್ಟ್ ಬರೆಯುವುದು ಅನುಷಾಳ ಕೆಲಸ. ಅವಳ ಲ್ಯಾಪ್‌ಟಾಪ್ ಕೆಟ್ಟಾಗ ದೇವರಾಜು ತನ್ನ ಹಳೆಯದನ್ನು ಕೊಟ್ಟು, ಬೇಕಾದದ್ದನ್ನೆಲ್ಲ ತಾನೇ ಹಾಕಿಕೊಟ್ಟಿದ್ದ. ನಿನ್ನೆಯವರೆಗೆ ಹಸಿರು ತೋರಿಸುತ್ತಿದ್ದ ಟೆಸ್ಟ್‌ಗಳು ಅದರಲ್ಲಿ ಒಂದೊಂದಾಗಿ ಫೇಲಾಗಿ ಕೆಂಪಾದವು. ಓಡಿಸಿ ನೋಡಿಯೇ ಬರೆದದ್ದೆಂದು ಅವಳು ಹೇಳಿದ್ದನ್ನು ಯಾರೂ ನಂಬಲಿಲ್ಲ.

"ಸಂಜೆಯೊಳಗೆ ಸರಿ ಮಾಡು. ಇಲ್ಲಾಂದ್ರೆ ನಾಳೆಯಿಂದ ಬರೋದು ಬ್ಯಾಡ ಕಣಮ್ಮ," ಎಂದುಬಿಟ್ಟರು ಮಾಲೀಕ ನಂದೀಶ್ವರಯ್ಯ.

ಕೆಲಸ ಹೋದರೆ ಹೋಗಲಿ... ಇವನೂ ನಂಬಲಿಲ್ಲವಲ್ಲ!

ಅವಳು ಕಣ್ಣೊರೆಸಿಕೊಂಡು ಡಿಬಗ್ ಮಾಡಲು ಕೂತಳು. ಟೆಸ್ಟನ್ನು ನಡುನಡುವೆ ನಿಲ್ಲಿಸಿ, ಸಾಲು ಸಾಲಾಗಿ ಸಾಗಿಸುತ್ತಾ, ಎಲ್ಲಿ ಎಡವುತ್ತದೆಂದು ಹುಡುಕಿದಳು. ಊಟಕ್ಕೂ ಏಳಲಿಲ್ಲ. ಕೊನೆಗೆ ಮನಸ್ಸು ತಡೆಯದೆ ದೇವರಾಜು ಪಕ್ಕಕ್ಕೆ ಕುರ್ಚಿ ಎಳೆದುಕೊಂಡ. ಅವಳು ತಿರುಗಿಯೂ ನೋಡಲಿಲ್ಲ.

ಹಾಲು ಹಾಕಿದ ಸಮಯ ಓದುವ ಸಾಲಿನಲ್ಲಿ ಟೆಸ್ಟ್ ನಿಂತಿತು. ಪರದೆಯ ಮೇಲೆ ನಾಲ್ಕು ಗಂಟೆ, ಗೋಡೆಯ ಗಡಿಯಾರದಲ್ಲಿ ಐದು. ಲ್ಯಾಪ್‌ಟಾಪೇ ಒಂದು ಗಂಟೆ ಹಿಂದಿತ್ತು! ಲೆಕ್ಕವೆಲ್ಲ ಸೇರುವ ಸರ್ವರ್ ತನ್ನ ಗಡಿಯಾರಕ್ಕೆ ಸಮಯ ಹೊಂದದ್ದಕ್ಕೇ ಹಾಲನ್ನು ಬೇಡವೆನ್ನುತ್ತಿತ್ತು.

ದೇವರಾಜುವಿಗೆ ತಾನು ಮಾಡಿದ್ದು ಆಗ ನೆನಪಾಯಿತು. ಸೀದಾ ಮಾಲೀಕರ ಮುಂದೆ ಹೋಗಿ ನಿಂತು, ತಪ್ಪು ತನ್ನದೆಂದ. ಚನ್ನರಾಯನದುರ್ಗದ ಡೈರಿಗೆ ಸಾಫ್ಟ್‌ವೇರ್ ತೋರಿಸಲು ಹೋದಾಗ ಪೆದ್ದಮ್ಮ ಎಂಬ ಅಜ್ಜಿ ಹಾಲಿನ ಕ್ಯಾನ್ ಹೊತ್ತು ತಡವಾಗಿ ಬಂದಿದ್ದಳಂತೆ. ಹೊತ್ತು ಮೀರಿದರೆ ಸಾಫ್ಟ್‌ವೇರ್ ಹಾಲು ಬರೆದುಕೊಳ್ಳುವುದಿಲ್ಲ. ಅಲ್ಲಿ ನೆಟ್‌ವರ್ಕ್ ಇಲ್ಲ, ಲ್ಯಾಪ್‌ಟಾಪ್ ಹೇಳಿದ್ದೇ ಸಮಯ. ಅವಳನ್ನು ವಾಪಸ್ ಕಳಿಸಲಾರದೆ ಇವನು ಅದರ ಗಡಿಯಾರವನ್ನೇ ಹಿಂದಕ್ಕೆ ತಿರುಗಿಸಿ ಹಾಲು ಹಾಕಿಸಿಕೊಂಡಿದ್ದ. ಮತ್ತೆ ಸರಿಮಾಡುವುದನ್ನು ಮರೆತಿದ್ದ.

ನಂದೀಶ್ವರಯ್ಯ ಅವನಿಗೆ ಚೆನ್ನಾಗಿ ಬೈದು, ಅನುಷಾಳಿಗೆ ನಾಳೆ ಬಾರಮ್ಮ ಎಂದರು. ಅವಳು ಬ್ಯಾಗ್ ಹೆಗಲಿಗೇರಿಸಿ ಹೊರಟಳು. ದೇವರಾಜು ಮೆಟ್ಟಿಲವರೆಗೂ ಹಿಂದೆಯೇ ಬಂದ.

"ಗುರುತಿಲ್ಲದ ಅಜ್ಜಿಗೋಸ್ಕರ ಗಡಿಯಾರಾನೇ ತಿರುಗಿಸಿದ್ರಿ," ಎಂದಳು. "ನನ್ನ ಒಂದು ಮಾತು ನಂಬೋಕಾಗ್ಲಿಲ್ವಾ?"

ಅವನು ತಲೆ ತಗ್ಗಿಸಿದ.

"ನನ್ ಸೆಟಪ್ಪೇ ತಪ್ಪು ಅಂದ್ಬುಟ್ರೆ ಅಂತ ಹೆದ್ರಿದೆ. ನಿಮ್ ಮೇಲೆ ಹಾಕ್ಬುಟ್ಟೆ. ಈಗ ನಿಮ್ಮನ್ನೇ ಕಳ್ಕೊಂಡ್ಬುಡ್ತೀನೇನೋ ಅಂತ ಅದ್ಕಿಂತ ಹೆದ್ರಿಕೆ ಆಗ್ತೈತೆ, ಅನುಷಾ..."

ಅವಳ ಸಿಟ್ಟು ಇಳಿದಿರಲಿಲ್ಲ. ಆದರೂ ಕಾಲು ಮುಂದಿನ ಮೆಟ್ಟಿಲು ಇಳಿಯಲೊಲ್ಲದು.

"ಇನ್ನೊಂದ್ಸಲ ಕೆಂಪಾದ್ರೆ?"

"ಮೊದ್ಲು ನಿಮ್ ಪಕ್ಕ ಕೂತ್ಕೊಂಡು ನೋಡ್ತೀನಿ. ಆಮೇಲೆ ಬಾಯಿ ಬುಡ್ತೀನಿ."

ಅನುಷಾ ಕಣ್ಣೀರಲ್ಲೇ ನಕ್ಕುಬಿಟ್ಟಳು.

"ಭಾನುವಾರ ಕೊರಟಗೆರೆಗೆ, ನಮ್ಮನೆಗೆ ಬನ್ನಿ... ಅಪ್ಪ ಮನೇಲಿರ್ತಾರೆ."