ಪಾಸ್‌ವರ್ಡಿನ ಸ್ಪೆಲ್ಲಿಂಗ್

ಕದಿರೇಶನ ಮೇಲೆ ಅವತ್ತು ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನನ್ನ ಫೋನಿಗೆ ಆ ಡೈರಿ ಆ್ಯಪ್ ಹಾಕಿಕೊಟ್ಟವನು ಅವನೇ.

ಮೊದಲ ತಪ್ಪು ನಮ್ಮ ಮನೆಯದು. ಮುಳಬಾಗಿಲಿನ ಮೊಬೈಲ್ ಅಂಗಡಿಯವನು ಮನೆಯ ಮೂರೂ ಫೋನಿಗೆ ಒಂದೇ ಜಿಮೇಲ್ ಹಾಕಿದ್ದ. ನಾನು ನೋಟ್ಸಿನಲ್ಲಿ ‘ಇವತ್ತು ನೀಲಿ ಷರ್ಟು. ನನ್ನ ನೋಡಿ ನಕ್ಕ’ ಅಂತ ಬರೆದರೆ ಅದು ಅಣ್ಣ ಸುರೇಶನ ಫೋನಿನಲ್ಲೂ ಕಾಣಿಸಿತು. ಅವನು ಮುದ್ದೆ ಮುರಿಯುತ್ತಾ ಜೋರಾಗಿ ಓದಿದ. ಅಮ್ಮ ಮೂರು ದಿನ ನೀಲಿ ಷರ್ಟಿನ ಊರು, ಕುಲ ಕೇಳಿದಳು.

ನೀಲಿ ಷರ್ಟು ಕದಿರೇಶನೇ. ನಂಗಲಿಯವನು. ನರಸಾಪುರದ ಫ್ಯಾಕ್ಟರಿಗೆ ಹೋಗುವ ಕಂಪನಿ ಬಸ್ಸಿನಲ್ಲಿ ದಿನಾ ನನ್ನ ಆಚೆ ಸಾಲಿನ ಸೀಟು. ಯಾರ ಕಣ್ಣಿಗೂ ಬೀಳದಂತೆ ಬರೆಯಲು ಯಾವ ಆ್ಯಪ್ ಒಳ್ಳೆಯದು ಅಂತ ಹೋಗಿ ಹೋಗಿ ಅವನನ್ನೇ ಕೇಳಿದೆ. ಒಂದು ಆ್ಯಪ್ ಫೋನ್ ನಂಬರ್ ಕೇಳಿತು. ಇನ್ನೊಂದಕ್ಕೆ ನನ್ನ ಕಾಂಟ್ಯಾಕ್ಟ್ಸ್ ಎಲ್ಲಾ ಬೇಕಂತೆ. ನನ್ನ ಮನಸ್ಸಿನ ಮಾತು ಬರೆಯುವುದಕ್ಕೆ ಚಿಕ್ಕಪ್ಪನ ನಂಬರ್ ಯಾಕೆ? ವಾರವಿಡೀ ಒಂದೊಂದನ್ನೂ ಹಾಕಿ, ತೆಗೆದು, ಕೊನೆಗೆ ಇದನ್ನು ಆರಿಸಿದೆವು. ಇಮೇಲ್ ಬೇಡ, ಬರೆದದ್ದು ಫೋನ್ ಬಿಟ್ಟು ಆಚೆ ಹೋಗುವುದಿಲ್ಲ. ಪಾಸ್‌ವರ್ಡ್ ಹತ್ತು ಸಲ ತಪ್ಪಿದರೆ ಎಲ್ಲಾ ಅಳಿಸಿಹೋಗುತ್ತದೆ ಅಂತ ಎಚ್ಚರಿಸಿ, ನಾನು ಅದನ್ನು ಒತ್ತುವಾಗ ಅವನು ಮುಖ ಆಚೆ ತಿರುಗಿಸಿಕೊಂಡ. ಆ ಮರ್ಯಾದೆಗೆ ನಾನು ಇನ್ನಷ್ಟು ಸೋತೆ.

ಎಂಟು ತಿಂಗಳು ಪಾಸ್‌ವರ್ಡ್ ಒತ್ತದೆ, ಬೆರಳಚ್ಚಿನಿಂದಲೇ ಆ್ಯಪ್ ತೆಗೆದು ಬರೆದೆ. ಬಾಯಲ್ಲಿ ಹೇಳಲಾಗದ್ದೆಲ್ಲ ಅಲ್ಲಿತ್ತು. ಒಂದು ರಾತ್ರಿ ಫೋನ್ ಅಪ್‌ಡೇಟ್ ಆದದ್ದೇ ತಡ, ಬೆರಳು ಸಾಲದು, ಪಾಸ್‌ವರ್ಡೇ ಬೇಕು ಅಂತ ಆ್ಯಪ್ ಹಟ ಹಿಡಿಯಿತು. ಪದ ನೆನಪಿದೆ, ಇಂಗ್ಲಿಷಿನಲ್ಲಿ ಹೇಗೆ ಬರೆದಿದ್ದೆನೋ ನೆನಪಿಲ್ಲ. ಒಂಬತ್ತು ಸಲ ತಪ್ಪಿತು.

ಬೆಳಿಗ್ಗೆ ಬಸ್ಸು ಹತ್ತಿದವಳೇ ಫೋನನ್ನು ಅವನ ಕೈಗೆ ತುರುಕಿ, ಎಂಥ ದರಿದ್ರ ಆ್ಯಪ್ ಕೊಟ್ಟಿರಿ ಅಂತ ಬೈದೆ. ಅವನು ಸಮಾಧಾನವಾಗಿ ಪದ ಯಾವುದು ಅಂತ ಕೇಳಿದ. ಹೇಳದೆ ವಿಧಿಯಿರಲಿಲ್ಲ.

“ಬಾವ.”

“ನಿಮಗೆ ಅಕ್ಕನೇ ಇಲ್ವಲ್ಲ. ಭಾವ ಎಲ್ಲಿಂದ ಬಂದ್ರು?”

“ಕನ್ನಡದ್ದಲ್ಲ. ತೆಲುಗಿಂದು.”

ಮನೆಯಲ್ಲಿ ತೆಲುಗು ಆಡುವವನಿಗೆ ಬಿಡಿಸಿ ಹೇಳಬೇಕೇ? ನಮ್ಮ ಕಡೆ ಹುಡುಗಿ ತಾನು ಕಟ್ಟಿಕೊಳ್ಳುವವನನ್ನು ಹಾಗೆ ಕರೆಯುತ್ತಾಳೆ. ಅವನ ಕಿವಿ ಕೆಂಪಾಯಿತು. ತಡವರಿಸುತ್ತಾ ಒಂದೊಂದೇ ಅಕ್ಷರ ಒತ್ತಿದ. ಅದೂ ತಪ್ಪಾಗಿ, ಬರೆದದ್ದೆಲ್ಲ ಅಳಿಸಿಹೋಯಿತು.

ಎಂಟು ತಿಂಗಳು ಕಣ್ಣೆದುರಿಗೇ ನೀರಲ್ಲಿ ಹೋಮವಾಯಿತು. ನನಗೆ ಅಳು ಬಂತು, ಅವನ ಬೆನ್ನಿಗೆರಡು ಬಿಡಬೇಕು ಅನ್ನಿಸಿತು.

“ಏನೇನು ಬರ್ದಿದ್ದೆ, ಸುನಂದಾ?” ಅವನು ಮೊದಲ ಸಲ ‘ನೀವು’ ಬಿಟ್ಟಿದ್ದ.

“ಎಲ್ಲಾ. ನೀವು ರಜಾ ಹಾಕಿದ ದಿನಾನೂ ಬರ್ದಿದ್ದೆ.”

ಅವನು ಎದ್ದು ಬಂದು ನನ್ನ ಪಕ್ಕದಲ್ಲಿ ಕೂತ. “ಹಂಗಾದ್ರೆ ಬಾಯಲ್ಲೇ ಹೇಳು. ನರಸಾಪುರಕ್ಕೆ ಇನ್ನೂ ಮುಕ್ಕಾಲು ಗಂಟೆ ಇದೆ. ಆಮೇಲೆ ನಾನೂ ಹೇಳೋದಿದೆ.”

ನಾನು ಮೂಗೊರೆಸಿಕೊಂಡು, ಸಿಟ್ಟಿನಲ್ಲೇ ಶುರು ಮಾಡಿದೆ.