ಅನಾಮಿಕೆಯ ಉರಿ

ಸೌತೆಕಾಯಿ ಹೆಚ್ಚುತ್ತಿದ್ದ ಗೋದಾಬಾಯಿಯವರ ಬಲಗೈಯ ಅನಾಮಿಕೆ ಕೆಂಡ ಮುಟ್ಟಿದಂತೆ ಧಗ್ಗೆಂದು ಉರಿಯಿತು. ಒಲೆ ಆರಿತ್ತು, ಕೈ ತಣ್ಣೀರಿನಿಂದ ಒದ್ದೆಯಾಗಿತ್ತು. ಸುಡುತ್ತಿರುವುದು ತಮ್ಮ ಬೆರಳಲ್ಲ, ಗಂಡನ ಅಂಗಾಲು ಎಂದು ಹೊಳೆಯಲು ಅರೆಗಳಿಗೆ ಬೇಕಾಯಿತು.

"ಮತ್ತೆ ಬರಿಗಾಲಲ್ಲಿ ಸುತ್ತುತಿದಾರೆ!" ಎಂದು ಈಳಿಗೆಮಣೆ ಮಡಚಿ ಎದ್ದು ದೇವಸ್ಥಾನಕ್ಕೆ ಧಾವಿಸಿದರು.

ಅವರ ಬೆರಳಲ್ಲಿದ್ದುದು ವೇದನಾವಾಹಕವೆಂಬ ಉಂಗುರ. ಮಧುಮೇಹವು ಕಾಲಿನ ನರಗಳನ್ನು ಕೊಂದ ಮೇಲೆ ಅಂಗಾಲಿಗೆ ಮುಳ್ಳೂ ಒಂದೇ, ಹೂವೂ ಒಂದೇ. ಗಾಯವಾದದ್ದೇ ತಿಳಿಯದೆ ಅದು ಕೀವಾಗಿ, ಕಡೆಗೆ ಕಾಲೇ ಹೋಗುತ್ತದೆ. ಡಾ. ಪ್ರಫುಲ್ಲಾ ಇದಕ್ಕೊಂದು ಉಪಾಯ ಕಂಡುಹಿಡಿದಿದ್ದರು. ಪಾದಗಳಿಗೆ ಹಚ್ಚಿದ ಸ್ಪರ್ಶಗ್ರಾಹಿ ಲೇಪವು ಬಿಸಿಯನ್ನೂ ಒತ್ತಡವನ್ನೂ ಗ್ರಹಿಸಿ ಉಂಗುರಕ್ಕೆ ಕಳುಹಿಸುವುದು; ಉಂಗುರವು ಬೆರಳಿನ ಜೀವಂತ ನರವನ್ನು ಮಿಡಿದು, ಕಾಲು ಮರೆತ ನೋವನ್ನು ಕೈಗೆ ನೆನಪಿಸುವುದು. ಯುಕ್ತಿ ಸೊಗಸಾಗಿತ್ತು. ಆದರೆ ಉಂಗುರವನ್ನು ಬಲಗೈಯ ಅನಾಮಿಕೆಗೇ ಹೊಂದಿಸಲಾಗಿತ್ತು. ಗೋದಾಬಾಯಿಯವರ ಗಂಡ, ವೈದಿಕರಾದ ಸೇತುಮಾಧವಾಚಾರ್ಯರಿಗೆ ಆ ಬೆರಳು ಕರ್ಮಕಾಲದಲ್ಲಿ ದರ್ಭೆ ಹುಲ್ಲಿನ ಪವಿತ್ರದುಂಗುರಕ್ಕೆ ಮೀಸಲು. "ಯಂತ್ರಕ್ಕೂ ದರ್ಭೆಗೂ ಒಂದೇ ಬೆರಳೆ?" ಎಂದು ಅವರು ಮೂರನೆಯ ದಿನವೇ ಅದನ್ನು ತೆಗೆದಿಟ್ಟರು. ಕಳೆದುಹೋದೀತೆಂದು ಹೆಂಡತಿ ಅಂದು ಬೆಳಿಗ್ಗೆಯಷ್ಟೇ ತೊಟ್ಟುಕೊಂಡಿದ್ದರು.

ವೈಶಾಖದ ನಡುಹಗಲು. ದೇವಸ್ಥಾನದ ಕಾದ ಹಾಸುಗಲ್ಲಿನ ಮೇಲೆ ಆಚಾರ್ಯರು ಪ್ರಸನ್ನವದನರಾಗಿ ಏಳನೆಯ ಪ್ರದಕ್ಷಿಣೆಯಲ್ಲಿದ್ದರು. ಹೋದ ವರ್ಷ ಅವರ ಎಡಗಾಲಿನ ಕಿರುಬೆರಳನ್ನು ಕತ್ತರಿಸಿ ತೆಗೆದಿದ್ದರು. ಇನ್ನೊಂದು ಹುಣ್ಣು ಕೊಳೆತರೆ ಪಾದ ಉಳಿಯದೆಂದು ವೈದ್ಯರು ಎಚ್ಚರಿಸಿದ್ದರು.

"ನಿಲ್ಲಿ ಅಲ್ಲೇ!"

"ಇನ್ನೈದೇ ಸುತ್ತು, ಗೋದಾ. ನನಗೇನೂ ಆಗ್ತಿಲ್ಲ."

"ನಿಮಗೆ ಆಗಲ್ಲ, ನನಗೆ ಆಗತ್ತೆ! ಪಾದಕ್ಕೆ ವಿಷ್ಣುವೇ ಅಧಿದೇವತೆ ಅಂತ ಶಿಷ್ಯರಿಗೆ ಪಾಠ ಹೇಳ್ತೀರಲ್ಲ? ಆ ವಿಷ್ಣುವನ್ನ ಕಾವಲಿ ಮೇಲೆ ಹುರೀತಿದೀರಿ. ಇದ್ಯಾವ ಸೇವೆ ನಿಮ್ಮದು?"

ಕಂಬದ ನೆರಳಲ್ಲಿದ್ದ ಅರ್ಚಕರು ನಕ್ಕರು.

"ನಗಬೇಡಿ ನೀವು! ತಂಪು ಹೊತ್ತಲ್ಲಿ ಬನ್ನಿ ಅಂತ ಒಂದು ಮಾತು ಹೇಳೋಕೆ ನಾಲಿಗೆ ಇರಲಿಲ್ವೆ?"

ಬಲ ಅಂಗಾಲಿನಲ್ಲಿ ನಾಣ್ಯದಗಲದ ಗುಳ್ಳೆ ಎದ್ದಿತ್ತು. ಚಿಕಿತ್ಸಾಲಯದಲ್ಲಿ ಡಾ. ಪ್ರಫುಲ್ಲಾ ಅದಕ್ಕೆ ಪಟ್ಟಿ ಕಟ್ಟಿ, ಹುಬ್ಬುಗಂಟಿಕ್ಕಿದರು. "ಅಮ್ಮಾ, ಈ ಉಂಗುರ ರೋಗಿಗೆ ಕೊಟ್ಟಿದ್ದು. ನೀವು ಹಾಕ್ಕೊಳ್ಳೋ ಹಾಗಿಲ್ಲ."

"ಆ ಬೆರಳಿಗೆ ಇವರು ಏನು ತೊಡ್ತಾರೆ ಅಂತ ಕೇಳಿದ್ರಾ ನೀವು? ಕಾಲು ನೋಡಿದ್ರಿ. ಕಾಲು ಯಾರದು ಅಂತ ನೋಡ್ಲಿಲ್ಲ!"

ಡಾ. ಪ್ರಫುಲ್ಲಾ ಆಚಾರ್ಯರ ಎಡಗೈಯನ್ನು ಹಿಡಿದು ನೋಡಿದರು. "ಎಡಗೈಗೆ ಹೊಂದಿಸಿಕೊಡ್ತೀನಿ. ಒಂದು ವಾರ ಬೇಕು," ಎಂದರು.

"ಅಲ್ಲೀವರೆಗೂ ನಾನೇ ಬೇಯ್ತೀನಿ ಬಿಡಿ."

ಸಂಜೆ ಗೋದಾಬಾಯಿ ನೀರಿನ ಬಿಸಿಯನ್ನು ಮೊಣಕೈಯಿಂದ ನೋಡಿ, ಗಂಡನ ಎಡಗಾಲನ್ನು ತೊಳೆದರು. ಕನ್ನಡಿ ಹಿಡಿದು ಅಂಗಾಲು ಪರೀಕ್ಷಿಸಿದರು. ಆಮೇಲೆ ವಸ್ತ್ರ ತೆಗೆದುಕೊಂಡು, ಮಧ್ಯಾಹ್ನದ ಸಿಟ್ಟನ್ನೆಲ್ಲ ಸೇರಿಸಿ, ಬೆರಳ ಸಂದಿಗಳನ್ನೂ ಕಿರುಬೆರಳಿದ್ದ ಜಾಗದ ಕಲೆಯನ್ನೂ ತಿಕ್ಕಿದರು.

"ಅಯ್ಯಪ್ಪಾ!" ಎಂದು ಅವರೇ ಚೀರಿದರು. ಬೆರಳು ಚುರುಚುರು ಎನ್ನುತ್ತಿತ್ತು.

ಅವರು ವಸ್ತ್ರವನ್ನು ನೋಡಿದರು, ತಮ್ಮ ಕೈಯನ್ನು ನೋಡಿದರು. ಕಾಲು ಸತ್ತ ಈ ಆರು ವರ್ಷವೂ, ದಿನವೂ, ತಾವು ಹೀಗೆಯೇ ತಿಕ್ಕಿದ್ದರು.

"ಏನಾಯ್ತೇ?" ಎಂದರು ಆಚಾರ್ಯರು.

"ನಿಮಗೆ ಆಗಬೇಕಾದ್ದು! ಕಾಲು ಆಡಿಸದೆ ಸುಮ್ಮನೆ ಕೂತ್ಕೊಳ್ಳಿ."

ಕೋಪವೇನೂ ಇಳಿದಿರಲಿಲ್ಲ. ಆದರೆ ವಸ್ತ್ರವನ್ನು ಮತ್ತೆ ಆ ಕಲೆಯ ಮೇಲೆ ಒಯ್ದಾಗ, ಅದು ಎಷ್ಟು ಮೆತ್ತಗೆ ತಗಲಿತೆಂಬುದು ಅವರ ಅನಾಮಿಕೆಗೆ ತಿಳಿಯಿತು.